ನಿಮ್ಮ ತಾತನಿಗೆ ಹೇಳು

ಆ ಮನೆಯಲ್ಲಿದ್ದದ್ದು ಮೂರು ಜನ. ಅವರಲ್ಲಿ ಇಬ್ಬರು ಮಾತು ಬಿಟ್ಟಿದ್ದರು, ಇಬ್ಬರ ಮಾತನ್ನೂ ಮೂರನೆಯವಳು ಹೊರುತ್ತಿದ್ದಳು.

ಮಾವ ನಗರದ ಬಸ್ಸು ಓಡಿಸಿ ನಿವೃತ್ತನಾದವನು. ಸೊಸೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳನ್ನು ಇಸ್ತ್ರಿ ಮಾಡುವ ಉಗಿಯ ಉರುಳೆಗೆ ಕೊಟ್ಟು ಮಡಿಸುವವಳು. ನಡುವೆ ಹದಿನೈದರ ಹುಡುಗಿ. ಹುಡುಗಿಯ ಅಪ್ಪ, ಎಂದರೆ ಮಾವನ ಒಬ್ಬನೇ ಮಗ, ಬೇರೆ ಊರಿನಲ್ಲಿ ಬೇರೊಬ್ಬಳ ಜೊತೆ ಸಂಸಾರ ಹೂಡಿದ್ದೇನೆಂದು ಫೋನಿನಲ್ಲಿ ಹೇಳಿ ಕೈತೊಳೆದುಕೊಂಡಿದ್ದ. ಆ ಸಂಜೆ ಮಾವ ಯಾರ ಮೇಲಿನ ಸಿಟ್ಟನ್ನು ಯಾರ ಮೇಲೆ ತೀರಿಸಬೇಕೆಂದು ತಿಳಿಯದೆ, "ಮನೇಲಿ ಒಂದು ನಗುಮುಖ ಇದ್ದಿದ್ರೆ ಅವನು ಯಾಕೆ ಹೋಗ್ತಿದ್ದ?" ಎಂದುಬಿಟ್ಟ. ಸೊಸೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು, "ಇನ್ಮೇಲೆ ನೀವು ನನ್ನ ಹತ್ರ ಮಾತಾಡೋದು ಬೇಡ" ಎಂದಳು. ಮಾವ ಜೀವಮಾನವಿಡೀ ಡಿಪೋ ಮ್ಯಾನೇಜರನ ಆಜ್ಞೆ ಪಾಲಿಸಿದವನು, ಇದನ್ನೂ ಅಕ್ಷರಶಃ ಪಾಲಿಸಿದ.

ಬೇರೆಯಾಗೋಣವೆಂದರೆ ಮನೆ ಮಾವನದು, ಬೇಯಿಸುವ ಕೈ ಸೊಸೆಯದು. ಇಬ್ಬರೂ ಅಲ್ಲೇ ಉಳಿದರು. ಮಾವ ಬೀದಿಗೆ ಕಿಟಕಿಯಿದ್ದ ಮುಂದಿನ ಕೋಣೆ ಹಿಡಿದ, ಸೊಸೆ ಹಿಂದಿನ ಅಡುಗೆಮನೆ ಹಿಡಿದಳು. ನಡುವಿನ ಉದ್ದನೆಯ ಓಣಿಯಂಥ ಜಾಗದಲ್ಲಿ ಹುಡುಗಿಯ ಹಾಸಿಗೆ, ಪುಸ್ತಕ, ಶಾಲೆಯ ಚೀಲ. ಅಲ್ಲಿಂದ ಎರಡೂ ಕಡೆಗೆ ಹೋಗಿ ಬರುವುದು ಸುಲಭವಾಗಿತ್ತು.

"ನಿಮ್ಮ ತಾತನಿಗೆ ಹೇಳು, ಊಟ ಆಯ್ತು."

"ನಿಮ್ಮ ಅಮ್ಮನಿಗೆ ಹೇಳು, ಬಚ್ಚಲ ನಲ್ಲಿ ಸೋರ್ತಿದೆ."

ಹೀಗೆ ಮೂರು ನಾಲ್ಕು ವರ್ಷ ನಡೆಯಿತು. ಸೊಸೆಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ. ಮುದುಕ ಎದುರಿಗೆ ಗಂಟು ಮುಖ ಹಾಕಿದರೂ ಹೇಳಿ ಕಳಿಸುವಾಗ ಮನುಷ್ಯನ ಹಾಗೆಯೇ ಇದ್ದ. ಒಮ್ಮೆ ಅವಳು ಜ್ವರ ಬಂದು ಮಲಗಿದ್ದಾಗ ಹುಡುಗಿ ಬಿಸಿನೀರು ತಂದುಕೊಟ್ಟು, "ಏಳೋದು ಬೇಡ, ಅಡುಗೆ ನಾನು ನೋಡ್ಕೋತೀನಿ ಅಂತ ತಾತ ಹೇಳಿದ್ರು" ಎಂದಿದ್ದಳು. ಆ ದಿನದ ಅನ್ನ ತಳ ಸೀದಿತ್ತು. ಸೊಸೆ ಆ ಸೀದ ಅನ್ನವನ್ನು ಕಣ್ಣು ತುಂಬಿಕೊಂಡು ತಿಂದಿದ್ದಳು, ಆಮೇಲೆ ಮುದುಕನ ಮೇಲೆ ಎಷ್ಟು ಸಿಟ್ಟು ಬಂದರೂ ಅದನ್ನು ನೆನೆದು ಅರ್ಧ ನುಂಗಿಕೊಳ್ಳುತ್ತಿದ್ದಳು.

ಇಂಥ ಹುಡುಗಿ ಒಂದು ಬೆಳಿಗ್ಗೆ ಬೇಕರಿಯ ಮುಂದೆ ಎಂಜಿನ್ ಆರಿಸದೆ ನಿಲ್ಲಿಸಿದ್ದ ಬ್ರೆಡ್ಡಿನ ವ್ಯಾನು ಹತ್ತಿ, ಓಡಿಸಿಕೊಂಡು ಹೋಗಿ, ಬೀದಿಯ ತಿರುವಿನಲ್ಲಿದ್ದ ಕ್ಷೌರದಂಗಡಿಯ ಗಾಜಿನೊಳಗೆ ನುಗ್ಗಿಸಿದಳು. ಅಂಗಡಿ ಇನ್ನೂ ತೆರೆದಿರಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಬ್ರೆಡ್ಡು ಮಾತ್ರ ಬೀದಿ ತುಂಬ ಚೆಲ್ಲಾಡಿ, ಶಾಲೆಗೆ ಹೊರಟಿದ್ದ ಮಕ್ಕಳಿಗೆ ಹಬ್ಬವಾಯಿತು.

ಠಾಣೆಯಲ್ಲಿ ಹುಡುಗಿ ಬಾಯಿ ಬಿಡಲಿಲ್ಲ. ಯಾಕೆ ಮಾಡಿದೆ ಎಂದರೆ ನೆಲ ನೋಡಿದಳು. ಗೇರು ಹಾಕಲು ಯಾರು ಕಲಿಸಿದರು ಎಂದಾಗ ಮಾತ್ರ, ಬೆಂಚಿನ ಕೊನೆಯಲ್ಲಿ ಕುಳಿತಿದ್ದ ಮಾವ ಕೆಮ್ಮಿದ. ಮಳೆಗಾಲದ ಮಧ್ಯಾಹ್ನಗಳಲ್ಲಿ ಕುರ್ಚಿಯ ಮೇಲೆ ಕೂರಿಸಿ, ಸ್ಟೀರಿಂಗೆಂದು ಕೈಗೆ ತಟ್ಟೆ ಕೊಟ್ಟು, ಕೊಡೆಯನ್ನು ಗೇರಿನ ಕಡ್ಡಿ ಮಾಡಿ ಅವನೇ ಕಲಿಸಿದ್ದ. ಮೊಮ್ಮಗಳು ಚಿಕ್ಕವಳಿದ್ದಾಗ ನಿಲ್ದಾಣಗಳ ಹೆಸರು ಕೂಗುತ್ತಿದ್ದದ್ದಕ್ಕೆ ಅವಳನ್ನು ಈಗಲೂ 'ಕಂಡಕ್ಟ್ರೇ' ಎಂದೇ ಕರೆಯುತ್ತಿದ್ದ.

ಠಾಣೆಯ ಅಧಿಕಾರಿಣಿ ಪೆನ್ನು ಕೆಳಗಿಟ್ಟಳು. "ನೋಡಿ, ಇದು ಮೊದಲನೇ ತಪ್ಪು. ಮಕ್ಕಳ ಕೋರ್ಟಿಗೆ ಕಳಿಸಿದ್ರೆ ವರ್ಷಗಟ್ಟಲೆ ಎಳೆಯುತ್ತೆ, ಸುಧಾರಣಾ ಗೃಹಕ್ಕೆ ಹಾಕಿದ್ರೂ ಹಾಕಬಹುದು. ಲೈಬ್ರರಿ ಹಿಂದೆ ಸಮಾಲೋಚನೆ ಕೇಂದ್ರ ಇದೆ. ವಾರ ವಾರ ಹೋಗ್ಬೇಕು. ಮನೇಲಿ ಒಂದೇ ಒಲೆ ಅಡುಗೆ ಉಣ್ಣೋರು ಎಲ್ಲರೂ ಬರಬೇಕು, ಅದೇ ಷರತ್ತು. ಅವರು ಸೈ ಅಂದ್ರೆ ಕೇಸು ಇಲ್ಲಿಗೇ ಮುಗಿಯುತ್ತೆ. ತಪ್ಪಿಸಿಕೊಂಡ್ರೆ ಫೈಲು ಕೋರ್ಟಿಗೆ ಹೋಗುತ್ತೆ, ಆಮೇಲೆ ನನ್ನನ್ನ ಕೇಳ್ಬೇಡಿ."

"ಎಲ್ಲರೂ ಅಂದ್ರೆ?" ಎಂದಳು ಸೊಸೆ.

"ಎಲ್ಲರೂ ಅಂದ್ರೆ ಎಲ್ಲರೂ."

ಕೇಂದ್ರವೆಂದರೆ ಲೈಬ್ರರಿಯ ಮಕ್ಕಳ ವಿಭಾಗವೇ. ಸಂಜೆ ಮಕ್ಕಳು ಹೋದ ಮೇಲೆ ಅದೇ ಕೋಣೆಯಲ್ಲಿ ಕೂರಿಸುತ್ತಿದ್ದರು. ಕುರ್ಚಿಗಳೆಲ್ಲ ಗೇಣುದ್ದ. ಮಾವ ಕುಳಿತಾಗ ಮಂಡಿ ಗದ್ದಕ್ಕೆ ತಾಗಿತು. ಸಮಾಲೋಚಕಿ ದಪ್ಪ ದೇಹದ ಹೆಂಗಸು, ಅವಳೂ ಅಂಥದೇ ಕುರ್ಚಿಯಲ್ಲಿ ಕುಳಿತು ಕಿತ್ತಳೆ ಸುಲಿಯುತ್ತ ಎಲ್ಲರಿಗೂ ಒಂದೊಂದು ತೊಳೆ ಕೊಟ್ಟಳು. ಕೋರ್ಟಿನ ಭಯದಿಂದ ಬಂದವರಿಗೆ ಕಿತ್ತಳೆ ಕೊಡುವವಳನ್ನು ನಂಬಬಹುದೋ ಬೇಡವೋ ಎಂದು ಸೊಸೆಗೆ ತಿಳಿಯಲಿಲ್ಲ. ತೊಳೆಯನ್ನು ಕೈಯಲ್ಲೇ ಹಿಡಿದಿದ್ದಳು.

"ಮನೇಲಿ ಹೇಗಿದೆ ವಾತಾವರಣ?"

"ಚೆನ್ನಾಗಿದೆ" ಎಂದಳು ಸೊಸೆ. ಮಗಳ ಕಡೆ ತಿರುಗಿ, "ಗೇರು ಕಲಿಸಿ ಮಗೂನ ಹಾಳು ಮಾಡಿದ್ದು ಯಾರು ಅಂತ ನಿಮ್ಮ ತಾತನ್ನ ಕೇಳು" ಎಂದಳು.

ಮುದುಕ ಹುಡುಗಿಯ ಕಿವಿಗೆ ಬಾಯಿಟ್ಟು ಏನೋ ಪಿಸುಗುಟ್ಟಿದ. ತುಸು ಉದ್ದನೆಯದೇ. ಅವನ ಕತ್ತಿನ ನರ ಉಬ್ಬಿತ್ತು. ಹುಡುಗಿ ತಲೆಯಾಡಿಸಿ ಅಮ್ಮನಿಗೆ ಹೇಳಿದಳು: "ತಾತನಿಗೂ ಬೇಜಾರಾಗಿದೆಯಂತೆ."

ಸಮಾಲೋಚಕಿಯ ಕೈಯಲ್ಲಿ ಕಿತ್ತಳೆ ನಿಂತಿತು. ಅವಳು ಮುದುಕನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು.

"ಯಾವಾಗ್ಲೂ ಹೀಗೇನಾ?"

ಹುಡುಗಿ ತನ್ನ ತೊಳೆಯನ್ನು ಬಾಯಿಗೆ ಹಾಕಿಕೊಂಡಳು.

"ಸರಿ. ನಾನು ಎರಡೇ ಎರಡು ಹೇಳ್ತೀನಿ. ಹುಡುಗಿ ಭಾನುವಾರ ಭಾನುವಾರ ಆ ಕ್ಷೌರದಂಗಡಿಗೆ ಹೋಗಿ ಅವರು ಹೇಳಿದ ಕೆಲಸ ಮಾಡಬೇಕು. ಇನ್ನೊಂದು, ಇವತ್ತಿನಿಂದ ಅವಳು ಯಾರ ಮಾತನ್ನೂ ಯಾರಿಗೂ ಒಯ್ಯೋ ಹಾಗಿಲ್ಲ. ಊಟ ಆಯ್ತು ಅನ್ನೋದನ್ನೂ."

"ಇದಕ್ಕೂ ವ್ಯಾನಿಗೂ ಏನು ಸಂಬಂಧ?" ಎಂದಳು ಸೊಸೆ.

"ನನಗೂ ಗೊತ್ತಿಲ್ಲ. ನೋಡೋಣ."

ಬಾಯಿಂದ ಹೇಳುವುದು ಸುಲಭ. ಮನೆಗೆ ಬಂದ ಮೇಲೆ ಇಬ್ಬರೂ ಹೊಸ ದಾರಿ ಕಂಡುಕೊಂಡರು. ಮುದುಕ ಗೋಡೆಗೆ ಹೇಳತೊಡಗಿದ. "ಈ ಮನೇಲಿ ಯಾರಿಗಾದ್ರೂ ನನ್ನ ಕನ್ನಡಕ ಎಲ್ಲಿದೆ ಅಂತ ಗೊತ್ತಿದ್ರೆ ಒಳ್ಳೇದಿತ್ತು." ಸೊಸೆ ಸೌಟಿಗೆ ಉತ್ತರ ಕೊಡುತ್ತಿದ್ದಳು. "ಕಣ್ಣಿದ್ದೋರಿಗೆ ರೇಡಿಯೋ ಮೇಲೆ ಕಾಣ್ಬೇಕಪ್ಪ." ಅವನು ನಲ್ಲಿಯ ಮೇಲೆ ಸಿಟ್ಟಾದ, ಅವಳು ಬಕೆಟ್ಟಿಗೆ ಬೈದಳು. ನಡುವಿನ ಓಣಿಯಲ್ಲಿ ಹುಡುಗಿ ಗಣಿತ ಬಿಡಿಸುತ್ತ ಕುಳಿತಿರುತ್ತಿದ್ದಳು. ಒಮ್ಮೆ ಏಳಲು ಹೋಗಿ, ಮತ್ತೆ ತನ್ನ ಕೈಗಳ ಮೇಲೆ ತಾನೇ ಕುಳಿತುಕೊಂಡದ್ದನ್ನು ಸೊಸೆ ನೋಡಿದಳು.

ಮಾತು ಹೊರಟಲ್ಲಿಂದ ನೇರವಾಗಿ ಕಿವಿಗೆ ಬೀಳತೊಡಗಿದ ಮೇಲೆ ಮನೆ ಮೊದಲಿಗಿಂತ ಕೆಟ್ಟಿತು. ಈ ಮುದುಕನ ನಾಲಿಗೆ ಇಷ್ಟು ಒರಟು ಎಂದು ಅವಳಿಗೆ ಮರೆತೇಹೋಗಿತ್ತು. ಹೇಳಿ ಕಳಿಸುತ್ತಿದ್ದಾಗ ಎಷ್ಟು ಮರ್ಯಾದೆಯಿತ್ತು ಎಂದು ಅವಳು ಲಾಂಡ್ರಿಯಲ್ಲಿ ಎದುರು ಮಡಿಕೆ ಹಿಡಿಯುವ ಗೆಳತಿಗೆ ಹೇಳಿಕೊಂಡಳು. "ಆ ಮೇಡಂ ಇದ್ದ ಮನೇನೂ ಮುರೀತಾಳೆ ಕಣೇ."

ಭಾನುವಾರ ಸೊಸೆ ಕ್ಷೌರದಂಗಡಿಗೆ ಹೋಗಿ ನೋಡಿದಳು. ಹುಡುಗಿ ಕೂದಲು ಗುಡಿಸುತ್ತಿದ್ದಳು. ಹೊಸ ಗಾಜು ಕೂತಿತ್ತು. ಕ್ಷೌರಿಕ ಗಿರಾಕಿಯ ಕತ್ತಿಗೆ ಬಟ್ಟೆ ಕಟ್ಟುತ್ತ, "ಕೆಲಸ ಅಚ್ಚುಕಟ್ಟು, ಆದ್ರೆ ಒಂದು ಮಾತಿಲ್ಲ ನಿಮ್ಮ ಹುಡುಗೀದು" ಎಂದ. "ಇಲ್ಲಿ ಬರೋರೆಲ್ಲ ಮಾತಾಡೋಕೇ ಬರೋದು. ಅವಳು ಕೇಳಿಸ್ಕೊಳ್ಳೋದೂ ಇಲ್ಲ, ಕಿವಿಗೆ ಹತ್ತಿ ಇಟ್ಕೊಂಡಿದ್ದಾಳೆ ನೋಡಿ."

ನಿಜಕ್ಕೂ ಇಟ್ಟುಕೊಂಡಿದ್ದಳು. ಅಮ್ಮನನ್ನು ಕಂಡು ತೆಗೆದು ಜೇಬಿಗೆ ಹಾಕಿಕೊಂಡಳು.

"ಯಾಕೆ ಹತ್ತಿ?"

"ಆರಾಮಾಗಿರುತ್ತೆ" ಎಂದಳು ಹುಡುಗಿ.

ಹೀಗೆ ಕೆಲವು ವಾರ ಕಳೆದವು. ಶನಿವಾರ ಶನಿವಾರ ಗೇಣುದ್ದದ ಕುರ್ಚಿ, ಕಿತ್ತಳೆ ತೊಳೆ, ಮೌನ. ಆಮೇಲೆ ಒಂದು ವಾರ ಸಮಾಲೋಚಕಿಗೆ ಶನಿವಾರ ಬೇರೆ ಕೆಲಸ ಬಂತು. ಗುರುವಾರ ನಾಲ್ಕಕ್ಕೆ ಬನ್ನಿ ಎಂದು ಅವಳು ಮನೆಗೆ ಫೋನು ಮಾಡಿದಾಗ ಎತ್ತಿದವನು ಮಾವ.

ಮಾವ ಮೊಮ್ಮಗಳಿಗೆ ಹೇಳಿದ. "ಅಮ್ಮನಿಗೂ ಹೇಳಿಬಿಡಿ ತಾತ, ನಾನು ಹೇಳೋ ಹಾಗಿಲ್ಲ" ಎಂದಳು ಹುಡುಗಿ. ಮಾವ ಅಡುಗೆಮನೆಯ ಬಾಗಿಲಿಗೆ ಬಂದು, ಒಳಗೆ ಕಾಲಿಡದೆ, ಗೋಡೆಯ ಕಡೆ ಮುಖ ಮಾಡಿ, "ಈ ಸಲ ಗುರುವಾರವಂತೆ, ನಾಲ್ಕು ಗಂಟೆಗೆ" ಎಂದು ಸ್ಪಷ್ಟವಾಗಿ ಹೇಳಿ ಹಿಂತಿರುಗಿದ. ಕರ್ತವ್ಯ ಮುಗಿಯಿತು. ಆಗ ಸೊಸೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೇಳಿಸಿಕೊಂಡದ್ದು ಗೋಡೆ ಮಾತ್ರ.

ಗುರುವಾರ ಸಂಜೆ ಲಾಂಡ್ರಿಯಲ್ಲಿ ಆಸ್ಪತ್ರೆಯ ಎರಡು ವಾರ್ಡುಗಳ ಬಟ್ಟೆ ಒಟ್ಟಿಗೆ ಬಂದಿತ್ತು. ಉರುಳೆಯಿಂದ ಬಿಸಿಬಿಸಿಯಾಗಿ ಹೊರಬರುವ ಹಾಸಿನ ಎರಡು ತುದಿ ಇವಳು ಹಿಡಿದರೆ ಇನ್ನೆರಡು ಗೆಳತಿ ಹಿಡಿಯಬೇಕು, ಹತ್ತಿರ ಬಂದು ಸೇರಿಸಬೇಕು, ಮತ್ತೆ ದೂರ ಸರಿಯಬೇಕು. ಇಬ್ಬರಲ್ಲಿ ಒಬ್ಬರು ಕೈಬಿಟ್ಟರೂ ಬಟ್ಟೆ ನೆಲಕ್ಕೆ ಬಿದ್ದು ಮತ್ತೆ ಒಗೆಯಲು ಹೋಗುತ್ತದೆ. ಅಂಥ ಹೊತ್ತಿನಲ್ಲಿ ಗೆಳತಿ ನಿಂತುಬಿಟ್ಟಳು.

"ಬಾಗಿಲಲ್ಲಿ ಯಾರೋ ಮುದುಕ ನಿಂತಿದ್ದಾನೆ ನೋಡು."

ತಳ್ಳುಗಾಡಿಗಳ ನಡುವೆ ಮಾವ ನಿಂತಿದ್ದ. ಓಡಿ ಬಂದವನ ಹಾಗೆ ಎದೆ ಏರಿಳಿಯುತ್ತಿತ್ತು. ಕನ್ನಡಕಕ್ಕೆ ಉಗಿ ಹಿಡಿದು ಏನೂ ಕಾಣದೆ, ಅದನ್ನು ಅಂಗಿಗೆ ಒರೆಸಿ ಮತ್ತೆ ಹಾಕಿಕೊಂಡ, ಮತ್ತೆ ಉಗಿ ಹಿಡಿಯಿತು. ಇಡೀ ಲಾಂಡ್ರಿ ಅವನನ್ನೇ ನೋಡುತ್ತಿತ್ತು. ಅವನು ಅಭ್ಯಾಸಬಲದಿಂದ ಒಂದು ಗೋಡೆಗಾಗಿ ಹುಡುಕಿದ. ಸುತ್ತ ಇದ್ದದ್ದು ಯಂತ್ರಗಳು, ಬಟ್ಟೆಯ ರಾಶಿ, ಹೆಂಗಸರು. ಕೊನೆಗೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು, ಸೊಸೆಯ ಮುಖವನ್ನೇ ನೋಡಿದ.

"ಬಾಮ್ಮ" ಎಂದ. "ಮಗು ಅಲ್ಲಿ ಕಾಯ್ತಿದೆ. ಇವತ್ತೇ ಅಂತೆ. ನಾನು ಹೇಳಿದ್ದು ನಿನಗೆ ಕೇಳಿಸಿಲ್ಲ. ಕೇಳಿಸೋ ಹಾಗೆ ನಾನು ಹೇಳಲಿಲ್ಲ. ಬಾಗಿಲು ಹಾಕೋದ್ರೊಳಗೆ ನೀನು ಬರದಿದ್ರೆ ಫೈಲು ಕಳಿಸಬೇಕಾಗುತ್ತೆ ಅಂದ್ರು. ಬೇಗ ಬಾ."

ಸೊಸೆಯ ಕೈಯಿಂದ ಹಾಸು ಜಾರಿತು. "ನಾನು ಮಡಿಸ್ಕೋತೀನಿ, ಹೋಗೇ ಮಾರಾಯ್ತಿ" ಎಂದು ಗೆಳತಿ ಅವಳ ಬೆನ್ನಿಗೆ ಕೈಹಾಕಿ ತಳ್ಳಿದಳು.

ಬಸ್ಸಿನಲ್ಲಿ ಇಬ್ಬರು ಕೂರುವ ಒಂದೇ ಸೀಟು ಖಾಲಿಯಿತ್ತು, ಇಬ್ಬರೂ ಪಕ್ಕಪಕ್ಕ ಕೂರಬೇಕಾಯಿತು. ಅದು ಮಾವ ಎಷ್ಟೋ ವರ್ಷ ಓಡಿಸಿದ ದಾರಿಯೇ. ಪ್ರತಿ ಸಿಗ್ನಲ್ಲಿನಲ್ಲೂ ಅವನ ಬಲಗಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಮಾತಾಡದಿದ್ದರೆ ಹುಡುಗಿಯನ್ನು ಕಳೆದುಕೊಂಡೇಬಿಡುತ್ತೇನೆ ಎಂದು ಸೊಸೆಗೆ ಅನಿಸಿತು.

"ಫೋನ್ ಮಾಡಿದ್ರೆ ಆಗ್ತಿತ್ತಲ್ಲ" ಎಂದಳು.

"ನಿನ್ನ ನಂಬರ್ ನನ್ನ ಹತ್ರ ಇಲ್ಲ."

ಅದೂ ನಿಜವೇ. ಸ್ವಲ್ಪ ದೂರ ಹೋದ ಮೇಲೆ ಮುದುಕ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ: "ನನಗೆ ಸಿಟ್ಟು ಬಂದಾಗೆಲ್ಲ ಒಂದು ನೆನಪು ಮಾಡ್ಕೋತೀನಮ್ಮ. ನನ್ನ ಕಣ್ಣಿನ ಆಪರೇಷನ್ ದಿನ ನೀನು ಹೇಳಿ ಕಳಿಸಿದ್ಯಲ್ಲ, ಹೆದರ್ಬೇಡಿ, ನೀವು ಬರೋವರೆಗೂ ನಾವು ಊಟ ಮಾಡದೆ ಕಾಯ್ತೀವಿ ಅಂತ. ಅದೊಂದು ಮಾತು ಹಿಡ್ಕೊಂಡು ಆ ಟೇಬಲ್ ಮೇಲೆ ಮಲಗಿದ್ದೆ."

ಸೊಸೆ ಅವನ ಮುಖ ನೋಡಿದಳು. "ನಾನು ಹಾಗೆ ಹೇಳಿರಲಿಲ್ಲ."

"ಮತ್ತೆ?"

"ಔಷಧಿ ಚೀಟಿ ಕಳ್ಕೊಂಡು ಬರೋದು ಬೇಡ ಅಂತ ಹೇಳು ಅಂದಿದ್ದೆ. ಅಷ್ಟೇ."

ಬಸ್ಸು ಒಂದು ನಿಲ್ದಾಣ ದಾಟಿತು. ಸೊಸೆಗೆ ಈಗ ಒಳಗೊಳಗೇ ಭಯ ಶುರುವಾಗಿತ್ತು. ಕೇಳಬಾರದೆಂದುಕೊಂಡೇ ಕೇಳಿದಳು.

"ನನಗೆ ಜ್ವರ ಬಂದಾಗ, ಏಳೋದು ಬೇಡ, ಅಡುಗೆ ನಾನು ನೋಡ್ಕೋತೀನಿ ಅಂದಿದ್ರಲ್ಲ ನೀವು."

"ನಾನಾ?" ಮುದುಕ ಯೋಚಿಸಿದ. "ಇಲ್ಲಮ್ಮ. ಸುಳ್ಳು ಹೇಳಲ್ಲ. ಇವತ್ತು ಊಟ ಇದೆಯೋ ಇಲ್ವೋ ಕೇಳ್ಕೊಂಡು ಬಾ ಅಂದೆ."

"ಆ ಅನ್ನ ಯಾರು ಮಾಡಿದ್ದು?"

"ಕಂಡಕ್ಟ್ರು. ತಳ ಸೀಸಿಬಿಟ್ಟಿದ್ಲು. ನೀನೇ ಹೇಳಿ ಮಾಡಿಸಿದ್ದು ಅಂದುಕೊಂಡಿದ್ದೆ."

ಆಮೇಲೆ ಇಬ್ಬರೂ ಒಂದೊಂದಾಗಿ ತೆಗೆದು ನೋಡಿದರು. ಸೊಸೆ ಕೆಲಸದಿಂದ ತಡವಾಗಿ ಬಂದ ದಿನಗಳಲ್ಲಿ "ಪಾಪ, ಸುಸ್ತಾಗಿರ್ತಾಳೆ" ಎಂದು ಮಾವ ಹೇಳಿದ್ದ ಮಾತು, ಮಾವ ಅಡುಗೆ ಚೆನ್ನಾಗಿದೆ ಎಂದು ದಿನಾ ಹೇಳಿ ಕಳಿಸಿದ್ದು, ಸೊಸೆ ಅವನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದ್ದು. ಒಂದೂ ಅವರದಾಗಿರಲಿಲ್ಲ. ಇಷ್ಟು ವರ್ಷ ಒಬ್ಬರನ್ನೊಬ್ಬರು ಸಹಿಸಿಕೊಂಡದ್ದು ಆ ಮಗುವಿನ ಮಾತಿನ ಮೇಲೆ. ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಮುದುಕ ಅವಳನ್ನು ಸಮಾಧಾನ ಮಾಡಲು ಗೊತ್ತಾಗದೆ ಮತ್ತೆ ಬ್ರೇಕು ತುಳಿದ.

ಲೈಬ್ರರಿಯ ಕಾವಲುಗಾರ ಬಾಗಿಲ ಒಂದು ರೆಕ್ಕೆ ಆಗಲೇ ಮುಚ್ಚಿದ್ದ. ಒಳಗೆ ಹುಡುಗಿ ಚಿಕ್ಕ ಕುರ್ಚಿಯಲ್ಲಿ, ಕೈಗಳ ಮೇಲೆ ಕುಳಿತಿದ್ದಳು. ಪಕ್ಕದ ಎರಡು ಕುರ್ಚಿಗಳಲ್ಲಿ ಒಂದೊಂದು ತೊಳೆ ಕಿತ್ತಳೆ ಕಾಯುತ್ತಿತ್ತು. ಅಮ್ಮ ಮತ್ತು ತಾತ ಜೊತೆಯಾಗಿ ಬಂದದ್ದನ್ನು ಕಂಡು ಅವಳು ಇಬ್ಬರ ಮುಖವನ್ನೂ ತಿರುತಿರುಗಿ ನೋಡಿದಳು.

"ಬಸ್ಸಲ್ಲಿ ಎಲ್ಲಾ ಗೊತ್ತಾಯ್ತು ಕಂಡಕ್ಟ್ರೇ" ಎಂದ ಮಾವ, ಕಷ್ಟಪಟ್ಟು ಕುರ್ಚಿಗಿಳಿಯುತ್ತ.

ಹುಡುಗಿಯ ಮುಖ ಬಿಳಿಚಿತು. "ನಾನು ಸುಳ್ಳು ಹೇಳ್ಬೇಕು ಅಂತ ಹೇಳಿದ್ದಲ್ಲ" ಎಂದಳು. "ನೀವು ಹೇಳಿದ್ದನ್ನ ಹಾಗೇ ಹೇಳಿದ್ರೆ ಜಗಳ ಆಗ್ತಿತ್ತು. ಅದಕ್ಕೆ ಓಣೀಲಿ ನಿಂತು ಸ್ವಲ್ಪ ಬದಲಾಯಿಸ್ತಿದ್ದೆ."

"ವ್ಯಾನಿನ ದಿನ ಏನಾಯ್ತು?" ಸಮಾಲೋಚಕಿ ಮೆಲ್ಲಗೆ ಕೇಳಿದಳು.

ಹುಡುಗಿ ಕೈಗಳನ್ನು ತೊಡೆಯ ಕೆಳಗಿನಿಂದ ಹೊರಗೆ ತೆಗೆದಳು. ಯಾರೂ ಅವಳ ಪರವಾಗಿ ಉತ್ತರ ಕೊಡಲಿಲ್ಲ.

"ಅವತ್ತು ಬೆಳಿಗ್ಗೆ ಅಮ್ಮ ಹೇಳಿದ್ಲು, ನಿಮ್ಮ ತಾತನಿಗೆ ಹೇಳು, ಮುಂದಿನ ತಿಂಗಳು ನಾನು ಬೇರೆ ಮನೆ ನೋಡ್ಕೊಂಡು ಹೋಗ್ತೀನಿ ಅಂತ. ತಾತನ ಹತ್ರ ಹೋದೆ. ಅವರಿಗೆ ಆಗಲೇ ಅಡುಗೆಮನೆಯಿಂದ ಕೇಳಿಸಿತ್ತು, ನಾನು ಬಾಯಿ ಬಿಡೋದಕ್ಕೆ ಮುಂಚೆ ತಾತ ಹೇಳಿದ್ರು, ನಿಮ್ಮ ಅಮ್ಮನಿಗೆ ಹೇಳು, ಹೋಗೋದಾದ್ರೆ ಹೋಗ್ಲಿ, ಮಗು ಇಲ್ಲೇ ಇರುತ್ತೆ ಅಂತ." ಅವಳ ದನಿ ಸಣ್ಣದಾಯಿತು. "ಓಣೀಲಿ ನಿಂತು ತುಂಬಾ ಯೋಚಿಸ್ದೆ. ಅದನ್ನ ಹೇಗೆ ಬದಲಾಯಿಸಿದ್ರೂ ಆಗಲಿಲ್ಲ. ಎರಡೂ ಹೇಳದೆ ಹೊರಗೆ ಬಂದೆ. ಬೇಕರಿ ಮುಂದೆ ಎಂಜಿನ್ ಆನ್ ಇತ್ತು. ಸುಮ್ನೆ ಎಲ್ಲಾದ್ರೂ ಹೋಗೋಣ ಅನ್ನಿಸ್ತು, ಯಾರೂ ನನ್ನ ಕೈಲಿ ಏನೂ ಹೇಳಿ ಕಳಿಸದೇ ಇರೋ ಕಡೆ."

ಸೊಸೆ ಕುರ್ಚಿಯಿಂದ ಜಾರಿ ನೆಲಕ್ಕೇ ಕುಳಿತು ಮಗಳ ಮೊಣಕಾಲು ಹಿಡಿದುಕೊಂಡಳು. ಆಮೇಲೆ ಮುಖ ಎತ್ತಿ ಮಗಳನ್ನಲ್ಲ, ಮುದುಕನನ್ನು ನೋಡಿದಳು.

"ಮಾವ, ನಾನು ಎಲ್ಲಿಗೂ ಹೋಗಲ್ಲ. ಅವತ್ತು ನಲ್ಲಿ ವಿಷಯಕ್ಕೆ ಸಿಟ್ಟು ಬಂದು ಹೇಳಿದ್ದು."

"ನಾನೂ ಹೆದರಿ ಹೇಳಿದ್ದು" ಎಂದ ಮಾವ. "ನೀವಿಬ್ಬರೂ ಹೋದ್ರೆ ಆ ಮನೇಲಿ ನಾನು ಏನು ಮಾಡ್ಲಿ? ಇನ್ನೊಂದು ಹೇಳ್ಬೇಕು. ನಗುಮುಖದ ಮಾತು ಅವತ್ತು ನಿನಗೆ ಹೇಳೋದಲ್ಲ, ನನ್ನ ಮಗನಿಗೆ ಹೇಳ್ಬೇಕಿತ್ತು ಬೇರೆ ಏನಾದ್ರೂ. ಅವನು ಸಿಗಲಿಲ್ಲ, ನೀನು ಸಿಕ್ಕೆ."

ಸಮಾಲೋಚಕಿ ಕಿತ್ತಳೆಯ ಸಿಪ್ಪೆ ಒಟ್ಟುಮಾಡಿದಳು. "ಇವತ್ತಿನ ಹಾಜರಿ ಮೂರೂ ಜನದ್ದು ಹಾಕ್ತೀನಿ. ಇನ್ನೂ ಕೆಲವು ವಾರ ಬನ್ನಿ. ಗೋಡೆ ಜೊತೆ ಮಾತಾಡಿದ್ರೆ ನನಗೆ ಗೊತ್ತಾಗುತ್ತೆ." ಮುದುಕನಿಗೆ ಕುರ್ಚಿಯಿಂದ ಏಳಲಾಗಲಿಲ್ಲ. ಸೊಸೆ ಒಂದು ಕೈ, ಹುಡುಗಿ ಒಂದು ಕೈ ಹಿಡಿದು ಎಳೆದರು. ಕುರ್ಚಿಯೂ ಅವನ ಜೊತೆಗೇ ಎದ್ದು ಬಂತು. ಹುಡುಗಿ ನಕ್ಕಳು. ಆ ನಗೆ ಕೇಳಿ ಎಷ್ಟು ದಿನವಾಗಿತ್ತೆಂದು ಸೊಸೆ ಯೋಚಿಸಲು ಹೋಗಿ, ಬೇಡವೆಂದು ಬಿಟ್ಟಳು.

ಆ ಕೆಲವು ವಾರಗಳೂ ಮುಗಿದವು. ಹೊಸ ಗಾಜಿನ ಮೇಲೆ ಅಂಗಡಿಯ ಹೆಸರನ್ನು ಹುಡುಗಿಯೇ ಬಣ್ಣದಲ್ಲಿ ಬರೆದಳು. ಕ್ಷೌರಿಕ, ಇನ್ನು ಬರಬೇಕಾಗಿಲ್ಲ ಎಂದಾಗ, "ಸುಮ್ನೆ ಬರಬಹುದಾ?" ಎಂದು ಕೇಳಿದಳಂತೆ. ಠಾಣೆಯ ಅಧಿಕಾರಿಣಿ ಕರೆದು, ಕೋರ್ಟಿಗೆ ಏನೂ ಹೋಗುವುದಿಲ್ಲ, ಹೋಗಿ ಓದಿಕೋ ಎಂದಳು. ದಾರಿಯುದ್ದಕ್ಕೂ ಸೊಸೆ ಮಗಳ ಕೈ ಬಿಡಲಿಲ್ಲ. ಎದೆಯ ಮೇಲಿನ ಒದ್ದೆ ಬಟ್ಟೆಯ ಮೂಟೆ ಇಳಿಸಿದ ಹಾಗಾಗಿತ್ತು ಅವಳಿಗೆ. ಮಾವ ಬೇಕರಿಯ ಮುಂದೆ ನಿಂತ ವ್ಯಾನಿನ ಕಡೆ ನೋಡಿ, "ಎಂಜಿನ್ ಆರಿಸೋ ಮಾರಾಯ" ಎಂದು ಡ್ರೈವರನಿಗೆ ಬುದ್ಧಿ ಹೇಳಿ ಬಂದ.

ಅಂದು ಮೂವರೂ ಅಡುಗೆಮನೆಯಲ್ಲಿ ಒಟ್ಟಿಗೆ ಉಂಡರು. ಬೇರೆ ಬೇರೆ ತಟ್ಟೆ ಒಯ್ಯುವ ಕೆಲಸವಿಲ್ಲದ ಮೇಲೆ ಹುಡುಗಿಯ ತಟ್ಟೆಯೂ ಬಿಸಿಯಾಗಿತ್ತು. ಸೊಸೆ ಮಾವನಿಗೆ ಬಡಿಸಿ, ಅವನು ಎರಡು ತುತ್ತು ತಿನ್ನುವುದನ್ನು ನೋಡಿ, ಹಳೆಯ ಅಭ್ಯಾಸದಿಂದ ಮಗಳ ಕಡೆ ತಿರುಗಿದಳು.

"ಅಡುಗೆ ಹೇಗಿದೆ ಅಂತ ನಿಮ್ಮ ತಾತನ್ನ..."

"ನಾನು ಊಟ ಮಾಡ್ತಿದ್ದೀನಿ" ಎಂದಳು ಹುಡುಗಿ, ತಲೆ ಎತ್ತದೆ.

ಸೊಸೆ ಸೌಟು ಕೆಳಗಿಟ್ಟಳು. "ಮಾವ, ಅಡುಗೆ ಹೇಗಿದೆ?"

ಮುದುಕ ಅಗಿಯುವುದನ್ನು ನಿಲ್ಲಿಸಿ ಯೋಚಿಸಿದ. "ಉಪ್ಪು ಜಾಸ್ತಿ" ಎಂದ.

ಹುಡುಗಿಯ ಕೈ ತಟ್ಟೆಯ ಮೇಲೆಯೇ ನಿಂತಿತು. ಸೊಸೆಗೆ ಮೂಗಿನ ತುದಿಯವರೆಗೆ ಸಿಟ್ಟು ಬಂದು, ಬಂದ ದಾರಿಯಲ್ಲೇ ನಗುವಾಗಿ ಹೊರಟಿತು. ಇಷ್ಟು ವರ್ಷಗಳಲ್ಲಿ ಈ ಮುದುಕ ತನ್ನ ಅಡುಗೆಯ ಬಗ್ಗೆ ತನಗೆ ಹೇಳಿದ ಮೊದಲ ಮಾತು ಅದು.

"ಉಪ್ಪು ಜಾಸ್ತಿಯಾದ್ರೆ ಅನ್ನ ಇನ್ನೂ ಸ್ವಲ್ಪ ಹಾಕ್ಕೊಳ್ಳಿ" ಎಂದು ಅವನ ತಟ್ಟೆಗೆ ಬಡಿಸಿದಳು.

"ನಾನು ಹೇಳಿದ್ದಿದ್ರೆ ಚೆನ್ನಾಗಿರ್ತಿತ್ತು" ಎಂದಳು ಹುಡುಗಿ.

"ಹೌದಮ್ಮ, ನೀನು ಹೇಳಿದ್ದಿದ್ರೆ ಚೆನ್ನಾಗಿರ್ತಿತ್ತು" ಎಂದಳು ಸೊಸೆ. "ನೀನು ಊಟ ಮಾಡು."